ಪೆಟ್ರೋಲ್ ಬೇಡ, ಡೀಸೆಲ್ ಸಾಕು

ಹಳೇ ಸ್ಪ್ಲೆಂಡರ್ ಇಂಜಿನ್ನಿನ ಫಿನ್‌ಗಳ (ಹೊರಗೆ ಕಾಣುವ ತೆಳು ಲೋಹದ ಪಟ್ಟಿಗಳ) ಸಂದಿಯಲ್ಲಿ ಮಣ್ಣು, ಆಯಿಲ್ ಸೇರಿ ಗಟ್ಟಿಯಾಗಿದೆ, ಪೆಟ್ರೋಲ್ ಹಾಕಿ ತೊಳೆಯಬಹುದಾ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅದರ ಆವಿಗೆ ಒಂದು ಸಣ್ಣ ಕಿಡಿ ತಾಗಿದರೂ ಸಾಕು, ಹೊತ್ತಿಕೊಳ್ಳುತ್ತದೆ. ಡೀಸೆಲ್ ಅಥವಾ ಸೀಮೆಎಣ್ಣೆ ತಗೊಳ್ಳಿ. ಬೆಂಕಿಯಿಂದ ಮಾತ್ರ ದೂರ ಇರಲಿ.

ನಿಮ್ಮ ಗಾಡಿಯ ಸಿಲಿಂಡರ್ ಹೆಚ್ಚುಕಮ್ಮಿ ಅಡ್ಡ ಮಲಗಿದೆ, ಅದರ ತುದಿಯ ಹೆಡ್ ಮುಂದಿನ ಚಕ್ರದ ಕಡೆಗಿದೆ. ಮಳೆಗಾಲದ ಕೆಸರು ನೇರ ಅಲ್ಲಿಗೇ ಬಡಿಯುತ್ತದೆ. ಈ ಇಂಜಿನ್ ತಣ್ಣಗಾಗುವುದು ಗಾಳಿಯಿಂದಲೇ ಅಲ್ವಾ? ಫಿನ್ ಮುಚ್ಚಿಹೋದರೆ ಬಿಸಿ ಹೊರಗೆ ಹೋಗುವುದಿಲ್ಲ. ಹಾಗಾಗಿ ಇದು ಬರೀ ಅಂದಕ್ಕೆ ಮಾಡುವ ಕೆಲಸವಲ್ಲ.

ಇಂಜಿನ್ ಪೂರ್ತಿ ತಣ್ಣಗಿರಲಿ. ಸೈಲೆನ್ಸರ್ ಬಾಯಿಗೆ, ಏರ್ ಫಿಲ್ಟರ್ ಕಡೆಗೆ ಪ್ಲಾಸ್ಟಿಕ್ ಕಟ್ಟಿ. ಸ್ಪಾರ್ಕ್ ಪ್ಲಗ್ ಮೇಲಿನ ಕ್ಯಾಪ್ ತೆಗೆಯಬೇಡಿ. ಒಣಗಿದ ಮಣ್ಣನ್ನು ಮೊದಲು ಮರದ ಕಡ್ಡಿಯಿಂದ ಕೆರೆದು ಉದುರಿಸಿ. ಆಮೇಲೆ ಡೀಸೆಲ್ ಹಚ್ಚಿ, ಹತ್ತು ನಿಮಿಷ ನೆನೆಯಲು ಬಿಟ್ಟು, ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ. ತಂತಿ ಬ್ರಷ್ ಬಳಸಿದರೆ ಪೇಂಟ್ ಹೋಗುತ್ತದೆ. ಶಾಂಪೂ ನೀರಲ್ಲಿ ತೊಳೆದು, ಮಗ್‌ನಿಂದ ನೀರು ಸುರಿಯಿರಿ. ಪ್ರೆಶರ್ ವಾಶ್ ಹತ್ತಿರದಿಂದ ಹೊಡೆದರೆ ಸೀಲ್, ಕನೆಕ್ಟರ್ ಒಳಗೆಲ್ಲ ನೀರು ನುಗ್ಗುತ್ತದೆ.

ಎಡಗಡೆ ಮುಂದಿನ ಸ್ಪ್ರಾಕೆಟ್ (ಚೈನ್ ಎಳೆಯುವ ಹಲ್ಲಿನ ಚಕ್ರ) ಕವರ್ ಬಿಚ್ಚುವುದನ್ನು ಮರೆಯಬೇಡಿ. ಜಾಸ್ತಿ ಕೊಳೆ ಇರುವುದೇ ಅಲ್ಲಿ. ಚೈನ್ ಗ್ರೀಸ್, ಮರಳು ಸೇರಿ ಕಪ್ಪು ಮುದ್ದೆಯಾಗಿರುತ್ತದೆ.

ಬಟ್ಟೆಯಿಂದ ಒರೆಸಿ, ಕಟ್ಟಿದ ಪ್ಲಾಸ್ಟಿಕ್ ತೆಗೆದು, ಐದು ನಿಮಿಷ ಸ್ಟಾರ್ಟ್‌ನಲ್ಲಿಡಿ. ಎರಡು ದಿನ ಓಡಿಸಿ ನೋಡಿ. ಎಲ್ಲಿ ಹೊಸದಾಗಿ ಆಯಿಲ್ ಜಿನುಗುತ್ತದೋ ಅಲ್ಲೇ ಆಯಿಲ್ ತಡೆಯುವ ಗ್ಯಾಸ್ಕೆಟ್ ಅಥವಾ ಸೀಲ್ ಹೋಗಿದೆ, ಮೆಕ್ಯಾನಿಕ್‌ಗೆ ತೋರಿಸಿ.