ಗೂಡಿನ ಮರಿಗೆ ನೆರವೇಕಿಲ್ಲ?

ಪ್ರಶ್ನೆ: ಕ್ಯಾಲಿಫೋರ್ನಿಯಾದ ಬಿಗ್ ಬೇರ್ ಸರೋವರದ ಬಳಿಯ ಹದ್ದಿನ ಗೂಡನ್ನು ನೇರಪ್ರಸಾರದಲ್ಲಿ ನೋಡುತ್ತಿರುತ್ತೇನೆ. ಮರಿ ಸಾಯುತ್ತಿದ್ದರೂ ಕ್ಯಾಮೆರಾ ಇಟ್ಟವರು ನೆರವಿಗೆ ಹೋಗುವುದಿಲ್ಲವೇಕೆ?

ಉತ್ತರ: 2025ರ ಮಾರ್ಚ್‌ನಲ್ಲಿ ಜಾಕಿ ಮತ್ತು ಶಾಡೋ ಎಂಬ ಬಾಲ್ಡ್ ಈಗಲ್ ಜೋಡಿಯ ಮೂರು ಮರಿಗಳಲ್ಲಿ ಒಂದು ಹಿಮಬಿರುಗಾಳಿಯ ನಡುವೆ ಸತ್ತಾಗ ನಿಮ್ಮಂತೆಯೇ ಅನೇಕರು ನೊಂದರು, ಆ ನೋವು ಸಹಜವಾದದ್ದು. ಆದರೆ ಎತ್ತರದ ಪೈನ್ ಮರದ ಗೂಡಿಗೆ ಮನುಷ್ಯರು ಹತ್ತಿದರೆ ತಾಯಿತಂದೆ ಬೆದರಿ ದೂರ ಸರಿದು, ಅವುಗಳ ಮೈಬಿಸಿಯನ್ನೇ ನಂಬಿರುವ ಉಳಿದ ಮರಿಗಳೂ ಚಳಿಗೆ ತುತ್ತಾಗುವ ಅಪಾಯವಿರುತ್ತದೆ. ಈ ಹದ್ದುಗಳಿಗೆ ತೊಂದರೆ ಕೊಡುವುದನ್ನು ಅಮೆರಿಕದ 1940ರ ಕಾಯ್ದೆಯೂ ನಿಷೇಧಿಸುತ್ತದೆ. ಬೆನ್ನ ಮೇಲೆ ಹಿಮ ಕಟ್ಟಿದರೂ ಕದಲದೆ ಮರಿಗಳನ್ನು ಕಾಯುವ ಜಾಕಿಗಿಂತ ಒಳ್ಳೆಯ ಆರೈಕೆಯನ್ನು ನಾವು ಕೊಡಲಾರೆವು ಎಂಬುದು ನನ್ನ ದೃಢವಾದ ಅಭಿಪ್ರಾಯ. ಉಳಿದ ಎರಡು ಮರಿಗಳಾದ ಸನ್ನಿ ಮತ್ತು ಗಿಜ್ಮೊ ಜೂನ್‌ನಲ್ಲಿ ಗೂಡಿನಿಂದ ಹಾರಿದವು. ನಮ್ಮಲ್ಲಿ ರಾತ್ರಿ 9 ಗಂಟೆಯಾದಾಗ ಅಲ್ಲಿ ಬೆಳಗಾಗಿರುವುದರಿಂದ, ಹಗಲಿನ ಚಟುವಟಿಕೆ ನೋಡಲು ಆ ಹೊತ್ತು ಅನುಕೂಲಕರ.