ಸಂಪಾದಕರ ಉತ್ತರ: ಗಂಜಿ ಬಸಿಯುವ ಡ್ರ್ಯಾಗನ್

ಮಣಿಪಾಲದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಪ್ರತಿ ಭಾನುವಾರ ಐದು ಮಂದಿ ಗೆಳೆಯರು ಸೇರಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುತ್ತಾರಂತೆ. ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತಾ ಕಥೆ ಕಟ್ಟುವ ಆಟ ಅದು. ಆಟ ನಡೆಸುವ ಡಂಜನ್ ಮಾಸ್ಟರ್ ಇವರೇ. ಕಥೆಯಲ್ಲಿ ಒಂದು ಬೆಳ್ಳಿ ಡ್ರ್ಯಾಗನ್, ಹೋಟೆಲ್ ನಡೆಸುವ ಹೆಂಗಸಿನ ರೂಪದಲ್ಲಿದೆ. ಸುಳಿವಿಗೆಂದು ಇವರು ಆಕೆಗೆ ಬೆಳ್ಳಿ ಕಣ್ಣು ಕೊಟ್ಟರು, ಗೋಡೆ ಮೇಲೆ ರೆಕ್ಕೆಯ ನೆರಳು ಬೀಳಿಸಿದರು, ದನಿಯನ್ನೂ ಗಡಸು ಮಾಡಿದರು. ಹತ್ತೇ ನಿಮಿಷದಲ್ಲಿ ಒಬ್ಬ, "ಇದು ಡ್ರ್ಯಾಗನ್, ಬಿಡಿ ಮಾರಾಯ್ರೆ" ಅಂದುಬಿಟ್ಟ. ಎಲ್ಲರೂ ನಕ್ಕರು. "ಮುಂದಿನ ಸಲ ಇನ್ನೂ ಚೆನ್ನಾಗಿ ಅಡಗಿಸುವುದು ಹೇಗೆ?" ಎಂಬುದು ಅವರ ಪ್ರಶ್ನೆ.

ಅಡಗಿಸಲು ಹೋಗಲೇಬೇಡಿ.

ಯಕ್ಷಗಾನದ ಪಂಚವಟಿ ಪ್ರಸಂಗ ನೋಡಿದ್ದೀರಲ್ಲ? ಮಾಯಾ ಶೂರ್ಪನಖಿ ಸ್ತ್ರೀವೇಷದಲ್ಲಿ ಬರುತ್ತಾಳೆ. ಘೋರ ಶೂರ್ಪನಖಿಯದು ರಾಕ್ಷಸರ ಬಣ್ಣದ ವೇಷ, ಅದಕ್ಕೆ ಬೇರೆ ಕಲಾವಿದರು. ಎದುರು ಕೂತವರಿಗೆಲ್ಲ ಇವಳು ಯಾರೆಂದು ಗೊತ್ತು. ಹಾಗಂತ ಯಾರೂ ಎದ್ದು ಮನೆಗೆ ಹೋಗುವುದಿಲ್ಲ. ರಾಮನ ಮುಂದೆ ಅವಳು ನಾಚಿಕೊಳ್ಳುವಾಗ ಮಜಾ ಬರುವುದೇ ನಮಗೆ ಗೊತ್ತಿರುವುದರಿಂದ. ನಿಮ್ಮ ಹೋಟೆಲಿನ ಹೆಂಗಸಿಗೆ ಆದ ತೊಂದರೆ ಬೇರೆ. ಗುಟ್ಟು ಒಡೆದ ಮೇಲೆ ಆಕೆಯ ಹತ್ತಿರ ಇನ್ನೇನೂ ಉಳಿದಿರಲಿಲ್ಲ.

ಮೊದಲು ನಿಯಮ ನೋಡೋಣ, ಅದರಲ್ಲೇ ಒಳ್ಳೆ ಸರಕಿದೆ. 2014ರ 'ಮಾನ್‌ಸ್ಟರ್ ಮ್ಯಾನುಅಲ್' ಅನ್ನುವ, ಆಟದ ಪ್ರಾಣಿಗಳ ವಿವರ ಇರುವ ಪುಸ್ತಕದ ಪ್ರಕಾರ ಪ್ರಾಯಕ್ಕೆ ಬಂದ ಬೆಳ್ಳಿ ಡ್ರ್ಯಾಗನ್ ಮನುಷ್ಯ ರೂಪ ತಾಳಬಹುದು. ಆಗ ಅದರ ಬುದ್ಧಿ, ವಿವೇಕ, ವರ್ಚಸ್ಸು ಹಾಗೇ ಇರುತ್ತವೆ. ಎಷ್ಟು ಪೆಟ್ಟು ತಡೆಯಬಲ್ಲದು ಎಂಬ ಜೀವದ ಅಂಕ, ಅಂದರೆ ಹಿಟ್ ಪಾಯಿಂಟ್, ಅದೂ ಹಾಗೇ. ಮೈಯ ಬಲ ಮಾತ್ರ ಹೊಸ ರೂಪದ್ದು. ಡ್ರ್ಯಾಗನ್ ಆಗಿದ್ದಾಗ ಊದುವ ಚಳಿಯ ಉಸಿರೂ ಇಲ್ಲ. ಈಗ ಲೆಕ್ಕ ಹಾಕಿ. ಸಾಮಾನ್ಯ ಮನುಷ್ಯನಿಗೆ ಆ ಪುಸ್ತಕದಲ್ಲಿ ಇರುವುದು 4 ಅಂಕ. ಈ ಡ್ರ್ಯಾಗನ್‌ಗೆ 243. ಅಕ್ಕಿಮೂಟೆ ಎತ್ತಲು ಏದುಸಿರು ಬಿಡುವ, ಆದರೆ ಬಸ್ಸು ಗುದ್ದಿದರೂ ಸೀರೆ ಕೊಡವಿಕೊಂಡು ಏಳುವ ಅಜ್ಜಿ ಅಂತಾಯ್ತು, ಅಲ್ವಾ?

ನಾನು ಕಾಲೇಜಲ್ಲಿದ್ದಾಗ ಕದ್ರಿಯಲ್ಲಿ ಒಬ್ಬ ಗೆಳೆಯನ ಮನೆಯಲ್ಲಿ ಆಡುತ್ತಿದ್ದೆವು. ಒಂದು ಮಳೆಗಾಲದ ರಾತ್ರಿ, ಕರೆಂಟು ಹೋಗಿ ಮೇಣದಬತ್ತಿ ಹಚ್ಚಿದ್ದೆವು. ಅವನ ಕಥೆಯಲ್ಲಿ ಒಬ್ಬ ಮುದುಕಿ ನಮಗೆ ಊಟಕ್ಕಿಡುತ್ತಿದ್ದಳು. ಮಾತಾಡುತ್ತಾ ಆಡುತ್ತಾ, ಕುದಿಯುವ ಕುಚ್ಚಲಕ್ಕಿ ಗಂಜಿಯ ಪಾತ್ರೆಯನ್ನು ಒಲೆಯಿಂದ ಎತ್ತಿ ಬಸಿದಳು ಎಂದ. ಬಟ್ಟೆ ಹಿಡಿದಳೋ ಇಲ್ಲವೋ, ಅವನು ಹೇಳಲಿಲ್ಲ. ಮುಂದೆ ಉಪ್ಪಿನಕಾಯಿ, ಒಣಮೀನಿನ ಚಟ್ನಿ ಅಂತ ಸಾಗಿದ. ಐದು ನಿಮಿಷ ಬಿಟ್ಟು ನಮ್ಮಲ್ಲಿ ಒಬ್ಬಳು ನಿಧಾನಕ್ಕೆ ಕೇಳಿದಳು: "ಅಲ್ಲ, ಆ ಅಜ್ಜಿ ಪಾತ್ರೆ ಹಿಡಿದದ್ದು ಯಾವುದರಲ್ಲಿ?" "ಕೈಯಲ್ಲಿ" ಅಂದ ಅವನು. ಇವತ್ತಿಗೂ ನೆನಪಾದರೆ ಮೈ ಜುಂ ಅನ್ನುತ್ತದೆ. ಅವಳಿಗೆ ಬಿಸಿ ತಾಗಲಿಲ್ಲ ಅಂತಲ್ಲ. 243ರಲ್ಲಿ ಒಂದು ಹೋದರೆ ಯಾರು ಲೆಕ್ಕ ಇಡುತ್ತಾರೆ!

ಕಣ್ಣಿನ ಬಣ್ಣಕ್ಕಿಂತ ಇಂಥ ಅಭ್ಯಾಸಗಳನ್ನು ಹುಡುಕಿ. ಅದರಲ್ಲೂ ಕಾಲದ ಲೆಕ್ಕ. ಆ ಪುಸ್ತಕದಲ್ಲಿ 101ರಿಂದ 800 ವರ್ಷದವರೆಗೆ ಡ್ರ್ಯಾಗನ್‌ಗೆ ಪ್ರಾಯದ ಕಾಲ. ನಿಮ್ಮ ಹೋಟೆಲಿನಾಕೆಯನ್ನು ಮಂಗಳೂರಿಗೇ ಕರೆತನ್ನಿ. ಇಲ್ಲಿ ಬಾಸೆಲ್ ಮಿಶನ್‌ನವರ ಹೆಂಚಿನ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಆಕೆಗೆ ಅದು ಮೊನ್ನೆ ಮೊನ್ನೆಯ ಸಂಗತಿ. ಯಾರೋ ಮಾಡು ಸೋರುತ್ತದೆ ಅಂದರೆ, "ಈ ಹೆಂಚು ಬಂದ ಮೇಲೆ ಊರೆಲ್ಲ ಕೆಂಪು ಕೆಂಪು. ಮುಳಿಹುಲ್ಲು ಇದ್ದಾಗ ಬೇಸಿಗೆಯಲ್ಲಿ ಎಷ್ಟು ಚಂದ ಕಾಣುತ್ತಿತ್ತು" ಎನ್ನಲಿ. ಊರಿನ ಮಾಡುಗಳನ್ನೆಲ್ಲ ಮೇಲಿನಿಂದ ನೋಡಿದವರು ಮಾತ್ರ ಹಾಗೆ ಹೇಳಲು ಸಾಧ್ಯ. ಆಟಗಾರರಿಗೆ ಅದು ಹೊಳೆದರೆ ಹೊಳೆಯಲಿ, ಇಲ್ಲದಿದ್ದರೆ ಸುಮ್ನೆ ಅಜ್ಜಿಯ ಮಾತು.

ದಾಳ ಉರುಳಿಸುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ: ಆಕೆ ವೇಷ ಹಾಕಿದ್ದು ಯಾಕೆ? ಮಹಾಭಾರತದಲ್ಲಿ ತಕ್ಷಕ ಮುದುಕ ಬ್ರಾಹ್ಮಣನಾಗಿ ದಾರಿಯಲ್ಲಿ ನಿಂತದ್ದು ಸುಮ್ಮನೆ ಅಲ್ಲ. ಪರೀಕ್ಷಿತನ ವಿಷ ಇಳಿಸಲು ಹೊರಟಿದ್ದ ಕಾಶ್ಯಪನಿಗೆ ದುಡ್ಡು ಕೊಟ್ಟು ವಾಪಸು ಕಳಿಸಬೇಕಿತ್ತು. ಕೆಲಸ ಇತ್ತು, ವೇಷ ಹಾಕಿದ. ಬೆಳ್ಳಿ ಡ್ರ್ಯಾಗನ್‌ಗೆ ಇಂಥ ಸಂಚು ಬೇಕಾಗಿಲ್ಲ. ಅದಕ್ಕೆ ಮನುಷ್ಯರ ಸಹವಾಸವೇ ಇಷ್ಟ. ಅಂದರೆ ಹೋಟೆಲ್ ಆಕೆಗೆ ಅಡಗುವ ಜಾಗ ಅಲ್ಲ, ಬೇಕೆಂದೇ ಮಾಡಿಕೊಂಡ ಬದುಕು. ಬಂದವರು ಉಣ್ಣಬೇಕು, ಹರಟಬೇಕು, ಜಗಳ ಆಡಿ ನಾಳೆ ಮತ್ತೆ ಬರಬೇಕು. ಐವತ್ತು ವರ್ಷಕ್ಕೊಮ್ಮೆ ಗಿರಾಕಿಗಳೆಲ್ಲ ಸತ್ತು ಹೋಗುತ್ತಾರೆ, ಅವರ ಮೊಮ್ಮಕ್ಕಳು ಅದೇ ಬೆಂಚಲ್ಲಿ ಕೂರುತ್ತಾರೆ. ಅರವತ್ತು ದಾಟಿದವರನ್ನೂ ಆಕೆ "ಮಗಾ" ಅನ್ನುತ್ತಾಳೆ. ಇಷ್ಟಿದ್ದರೆ ಗುಟ್ಟು ಹತ್ತು ನಿಮಿಷದಲ್ಲಿ ಒಡೆದರೂ ನಷ್ಟ ಇಲ್ಲ. "ನೀವು ಡ್ರ್ಯಾಗನ್ ಅಲ್ವಾ?" ಅಂತ ಕೇಳಿದರೆ, "ಹೌದು, ಕೂತ್ಕೊ, ಸಾರು ಬಡಿಸ್ತೇನೆ" ಅನ್ನಲಿ. ಯಾರು ನಗುತ್ತಾರೆ ನೋಡುವ.

ಕೆಂಪು ಡ್ರ್ಯಾಗನ್‌ಗೂ ಇದೇ ಆಗುತ್ತದಾ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಆ ಪುಸ್ತಕದಲ್ಲಿ ಅದಕ್ಕೆ ಹುಟ್ಟಿನಿಂದ ರೂಪ ಬದಲಿಸುವ ವಿದ್ಯೆ ಇಲ್ಲ, ಮಂತ್ರ ಬೇಕು. ಆದರೆ ನಿಮ್ಮ ಮೇಜು, ನಿಮ್ಮ ಕಥೆ. ಕೆಂಪು ಡ್ರ್ಯಾಗನ್ ಅಂದರೆ ಚಿನ್ನ ಕೂಡಿಡುವ ಆಸೆಬುರುಕ, ನನ್ನ ಕೈಗೆ ಸಿಕ್ಕರೆ ಅದನ್ನು ರಥಬೀದಿಯಲ್ಲಿ ಚಿನ್ನದಂಗಡಿಯ ಯಜಮಾನ ಮಾಡುತ್ತೇನೆ. ಅಡವಿಟ್ಟ ಬಳೆ ಬಿಡಿಸಿಕೊಳ್ಳಲು ಬಂದವರ ಮುಂದೆ ಪೆಟ್ಟಿಗೆ ತೆರೆಯುವಾಗ ಅವನ ಕೈ ಒಂದು ಗಳಿಗೆ ಜಾಸ್ತಿ ತಡೆಯುತ್ತದೆ. ಲೆಕ್ಕ ಸರಿಯಾಗೇ ಇರುತ್ತದೆ, ಬಳೆಯನ್ನೂ ಕೊಡುತ್ತಾನೆ. ಆದರೆ ಯಾರ ಬಳೆ, ಎಷ್ಟು ತೂಕ, ಎಲ್ಲಿ ನಗ್ಗಿದೆ ಎಂಬುದನ್ನು ಅವನು ಸಾಯುವವರೆಗೆ ಮರೆಯುವುದಿಲ್ಲ.

ಮಾತಿನ ಬಗ್ಗೆ ಒಂದು. ಗಾಂಭೀರ್ಯ ಬರಲೆಂದು "ಎಲೈ ಮಾನವರಿರಾ" ಶುರು ಮಾಡಬೇಡಿ. ರಂಗಸ್ಥಳದಲ್ಲಿ ಅದಕ್ಕೆ ಚೆಂಡೆಯ ಆಸರೆ ಇದೆ, ನಿಮ್ಮ ಹಾಸ್ಟೆಲ್ ರೂಮಿನಲ್ಲಿ ಇರುವುದು ಫ್ಯಾನಿನ ಸದ್ದು. ಆಕೆ ನಿಮ್ಮ ಹಾಗೇ ಮಾತಾಡಲಿ, ತುಳು ಬಂದರೆ ತುಳುವಲ್ಲೇ.

ಮುಂದಿನ ಭಾನುವಾರ ಏನಾಯ್ತು ಅಂತ ಬರೆಯಿರಿ. ಅಂದ ಹಾಗೆ, ಈ ಸಲ ಅಂಚೆಚೀಟಿ ಕಮ್ಮಿ ಹಚ್ಚಿದ್ದಿರಿ, ದಂಡ ಕಟ್ಟಿದ್ದು ನಾನು.