ರೈಟ್ ತಿಮಿಂಗಿಲದ ಮೂಲ ಪೂರ್ವಜ ಯಾವ ಪಳೆಯುಳಿಕೆ? ಸೆಮಿನಾರ್‌ಗೆ ಒಂದೇ ಹೆಸರು ಬೇಕು

"ಒಂದೇ ಹೆಸರು ಬೇಕು" ಅಂದಿದ್ದೀರಲ್ಲ, ಓದಿ ಸ್ವಲ್ಪ ಹೊಟ್ಟೆ ಕಲಕಿತು. 2018ರಲ್ಲಿ, ಎಂಎಸ್ಸಿ ಜಿಯಾಲಜಿ ಎರಡನೇ ವರ್ಷದಲ್ಲಿ, ನನ್ನ ಸೆಮಿನಾರ್ ವಿಷಯವೂ ಇದೇ: ಹಲ್ಲಿನ ಬದಲು ಬಾಯಲ್ಲಿ ಬಾಚಣಿಗೆಯಂಥ ಜರಡಿ ಇರುವ ರೈಟ್ ತಿಮಿಂಗಿಲದ ಮೂಲ. ಬೆಂಗಳೂರಲ್ಲಿ ಕೂತು ತಿಮಿಂಗಿಲ ಹುಡುಕ್ತೀಯಾ ಅಂತ ಮನೆಯಲ್ಲಿ ನಗುತ್ತಿದ್ದರು.

ಓದಿದ್ದೇನೂ ಕಮ್ಮಿ ಇರಲಿಲ್ಲ. ದಕ್ಷಿಣ ಅಮೆರಿಕದ ಪ್ಯಾಟಗೋನಿಯಾದಲ್ಲಿ ಸಿಕ್ಕ ತಿಮಿಂಗಿಲ ಪಳೆಯುಳಿಕೆ ಮೊರೆನೊಸೀಟಸ್ ಗೊತ್ತಿತ್ತು. 1926ರಲ್ಲಿ ಕಾಬ್ರೆರಾ ಎಂಬ ವಿಜ್ಞಾನಿ ಹೆಸರಿಟ್ಟದ್ದು, ಸುಮಾರು 2 ಕೋಟಿ ವರ್ಷ ಹಳೆಯದು. 2017ರಲ್ಲಿ ಮೋನಿಕಾ ಬುವೊನೊ ಮತ್ತು ಸಂಗಡಿಗರು ಅದನ್ನು ಮತ್ತೆ ಅಳೆದು, ಉದ್ದ ಐದೂವರೆ ಮೀಟರ್ ಆಸುಪಾಸು ಅಂದರು. ಇವತ್ತಿನ ರೈಟ್ ತಿಮಿಂಗಿಲ 15 ಮೀಟರ್ ದಾಟುತ್ತದೆ. ಆ ಪ್ರಬಂಧದ ಪ್ರಿಂಟೌಟ್ ನನ್ನ ಬ್ಯಾಗಲ್ಲೇ ಇತ್ತು.

ತಪ್ಪಾಗಿದ್ದು ಕೊನೇ ಸ್ಲೈಡ್‌ನಲ್ಲಿ. ಮೊರೆನೊಸೀಟಸ್, ಆಮೇಲೆ ಕ್ಯಾಲಿಫೋರ್ನಿಯಾದ ಪೆರಿಪೊಲೊಸೀಟಸ್, ಆಮೇಲೆ ಬಲೀನುಲಾ, ಕೊನೆಗೆ ಯೂಬಲೀನಾ, ಅಂದ್ರೆ ಇವತ್ತಿನ ರೈಟ್ ತಿಮಿಂಗಿಲ. ಚಿಕ್ಕದರಿಂದ ದೊಡ್ಡದಕ್ಕೆ, ಮಧ್ಯೆ ಕೆಂಪು ಬಾಣ. ಕೆಳಗೆ "ರೈಟ್ ತಿಮಿಂಗಿಲ ಹುಟ್ಟಿದ್ದು 2 ಕೋಟಿ ವರ್ಷದ ಹಿಂದೆ" ಅಂತ ದಪ್ಪ ಅಕ್ಷರ. ನೋಡೋಕೆ ಚೆನ್ನಾಗೇ ಇತ್ತು.

ಹೊರಗಿನಿಂದ ಬಂದಿದ್ದ ಪರೀಕ್ಷಕರು ಕನ್ನಡಕ ತೆಗೆದು ಕೇಳಿದರು: "ಈ ಬಾಣ ಯಾವ ಮೂಳೆಯಲ್ಲಿದೆಯಮ್ಮ?" ನಾನು ಸುಮ್ನೆ ನಿಂತೆ. "ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಹೆಸರಿದೆ. ಸುಮಾರು 890ರದ್ದು. ಹಾಗಂತ ಊರು ಹುಟ್ಟಿದ್ದು ಆ ವರ್ಷಾನೇನಾ?"

ಇದನ್ನ ಬಿಡಿಸಿ ಹೇಳ್ತೀನಿ, ಯಾಕಂದ್ರೆ ನೀವೂ ಅಲ್ಲೇ ಬೀಳ್ತೀರಿ. ಕಲ್ಲು ಹೇಳೋದು ಇಷ್ಟೇ: ಅಷ್ಟೊತ್ತಿಗಾಗಲೇ ಆ ಹೆಸರಿನ ಊರು ಇತ್ತು. ಪಳೆಯುಳಿಕೆಯೂ ಹಾಗೇ. 2 ಕೋಟಿ ವರ್ಷದ ಹಿಂದೆ ರೈಟ್ ತಿಮಿಂಗಿಲದ ಕುಟುಂಬ ಆಗಲೇ ಇತ್ತು ಅಂತ ಮೊರೆನೊಸೀಟಸ್ ಹೇಳುತ್ತೆ. ಯಾವಾಗ ಶುರುವಾಯಿತು ಅಂತ ಹೇಳಲ್ಲ. ಇನ್ನು ಬಾಣ. ನಮ್ಮ ಚಾಮರಾಜಪೇಟೆ ಮನೆಯ ಗೋಡೆಯಲ್ಲಿರುವ ತೀರಾ ಹಳೇ ಫೋಟೋ ಮುತ್ತಜ್ಜನದಲ್ಲ, ಮದುವೆಯೇ ಆಗದ ಅವರ ತಮ್ಮನದು. ಮೂಗು ಮಾತ್ರ ನಮ್ಮದೇ. ನಾನು ಆ ಚಿಕ್ಕಮುತ್ತಜ್ಜನಿಂದ ನನಗೆ ಬಾಣ ಎಳೆದಂಗಾಯ್ತು. ತಲೆಬುರುಡೆ ತೋರಿಸೋದು ಮೂಗಿನ ಹೋಲಿಕೆ. ಯಾರಿಗೆ ಯಾರು ಹುಟ್ಟಿದರು ಅಂತಲ್ಲ. ಗಾತ್ರದ ಮೆಟ್ಟಿಲೂ ಸುಳ್ಳು, ಪ್ಲಿಯೊಸೀನ್ (ಸುಮಾರು 53ರಿಂದ 26 ಲಕ್ಷ ವರ್ಷದ ಹಿಂದಿನ ಕಾಲ) ಹೊತ್ತಿಗೂ ಬಲೀನುಲಾದಂಥ ಚಿಕ್ಕವು ಈಜಾಡುತ್ತಿದ್ದವು.

ಆ ಡಿಸೆಂಬರ್‌ನಲ್ಲಿ ನಮ್ಮ ಗೈಡ್ ಕಚ್‌ಗೆ ಒಬ್ಬರನ್ನು ಕರೆದುಕೊಂಡು ಹೋಗುವವರಿದ್ದರು. 4 ಕೋಟಿ ವರ್ಷಕ್ಕೂ ಹಳೇ ತಿಮಿಂಗಿಲಗಳ ಜಾಗ ಅದು. ನಾನೇ ಅಂತ ಹೆಚ್ಚುಕಮ್ಮಿ ಗೊತ್ತಾಗಿತ್ತು. ಸೆಮಿನಾರ್ ಮುಗಿದ ಸಂಜೆ ಬೇರೆ ಹುಡುಗನ ಹೆಸರು ಬಂತು.

ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಆ ಒಂದು ಹೆಸರು ಇಲ್ಲ. ಹಳೇ ಮತ್ತು ಹೊಸ ಪಳೆಯುಳಿಕೆಗಳ ಮಧ್ಯೆ ಖಾಲಿ ಇದೆ ಅಂತ ಹೆದರಲೂ ಬೇಡಿ. ಪೆರಿಪೊಲೊಸೀಟಸ್‌ಗೆ ಕೆಲಾಗ್ ಎಂಬ ವಿಜ್ಞಾನಿ 1931ರಲ್ಲೇ ಹೆಸರಿಟ್ಟಿದ್ದರು. ಅದು ಈ ಕುಟುಂಬದ್ದು ಅಂತ ಗುರುತಾಗಲು 80 ವರ್ಷ ದಾಟಿತು. ಮೂಳೆ ಇತ್ತು, ನೋಡಿದವರಿಗೆ ಗುರುತು ಸಿಗಲಿಲ್ಲ, ಅಷ್ಟೇ. ಈ ತಿಮಿಂಗಿಲದ ಬಾಯಲ್ಲಿ ನೇತಾಡುವ ಆ ಉದ್ದ ಬಾಚಣಿಗೆ ಉಗುರಿನಂಥ ವಸ್ತುವಿನದು, ಕೊಳೆತು ಹೋಗುತ್ತೆ. ಉಳಿಯೋದು ಅದಕ್ಕೆ ಜಾಗ ಕೊಟ್ಟ, ಬಿಲ್ಲಿನಂತೆ ಬಾಗಿದ ಮೇಲ್ದವಡೆ. ಮತ್ತೆ ಕಿವಿಯ ಮೂಳೆ.

ನನ್ನ ಮಾತು ಕೇಳೋದಾದ್ರೆ ಶೀರ್ಷಿಕೆಯನ್ನೇ ಬದಲಿಸಿ, ಕಿವಿ ಮೂಳೆ ಮೇಲೆ ಮಾಡಿ. ಲ್ಯಾಬ್‌ನಲ್ಲಿ ಅದರ ಪ್ಲಾಸ್ಟರ್ ಅಚ್ಚು ಸಿಕ್ಕರೆ ಕೈಯಲ್ಲಿ ಹಿಡಿದು ನೋಡಿ. ದೊಡ್ಡ ಕವಡೆಯಂತಿರುತ್ತೆ, ಒಂದು ಅಂಚು ಕಲ್ಲಿನ ಹಾಗೆ ದಪ್ಪ, ಇನ್ನೊಂದು ಚಿಪ್ಪಿನಷ್ಟು ತೆಳು. ಆ ದಪ್ಪ ಅಂಚಿನಿಂದಲೇ ಕಾಶ್ಮೀರದಲ್ಲಿ ಸಿಕ್ಕ ಇಂಡೋಹಯಸ್ ಎಂಬ ಗೊರಸಿನ ಪುಟ್ಟ ಪ್ರಾಣಿ ತಿಮಿಂಗಿಲದ ನೆಂಟ ಅಂತ 2007ರಲ್ಲಿ ಗೊತ್ತಾಯಿತು. ಅದರ ಮೂಳೆಗಳಿದ್ದ ಕಲ್ಲುಗಳನ್ನು ಕೂಡಿಟ್ಟಿದ್ದ ಭೂವಿಜ್ಞಾನಿ ಎ. ರಂಗರಾವ್ ಅದನ್ನು ನೋಡಲು ಬದುಕಿರಲಿಲ್ಲ.

ಅಂದಹಾಗೆ, ಆ ಹುಡುಗ ಕಚ್‌ನಿಂದ ನನಗೆ ಒಂದು ಪ್ಯಾಕೆಟ್ ದಾಬೇಲಿ ಮಸಾಲೆ ತಂದುಕೊಟ್ಟ.